ಪಶ್ಚಿಮಕ್ಕೆ ಮುಖ ಮಾಡಿದ ಮೈದಾನ

ಹ್ಯಾರೋ ಗ್ಯಾಪ್ ಮಕ್ಕಳ ಬೇಸ್‌ಬಾಲ್ ಲೀಗಿಗೆ ಈ ಮೇ ತಿಂಗಳಿಗೆ ಅರವತ್ತು ತುಂಬುತ್ತದೆ, ಅದರ ಚರಿತ್ರೆ ಬರೆದುಕೊಡಿ ಎಂದು ಟ್ರೇಸಿ ಮರಿನೆಲ್ಲಿ ಮನೆಗೆ ಬಂದು ಕೇಳಿದಾಗ ನಾನು ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟೆ. ಟ್ರೇಸಿ ಈಗ ಲೀಗಿನ ಅಧ್ಯಕ್ಷೆ. ಎಂಟು ವರ್ಷದವಳಿದ್ದಾಗ ಚೆಂಡು ಬಂತೆಂದರೆ ಕಣ್ಣು ಮುಚ್ಚಿಕೊಂಡು ಬ್ಯಾಟು ಬೀಸುತ್ತಿದ್ದಳು; ಅವಳ ಹೆಸರಿನ ಮುಂದೆ ಸೊನ್ನೆ ಸುತ್ತಿ ಸುತ್ತಿ ನನ್ನ ಪೆನ್ಸಿಲ್ ಸವೆದಿದೆ. ನಲವತ್ತೊಂದು ವರ್ಷ ಈ ಲೀಗಿನ ಸ್ಕೋರ್ ಪುಸ್ತಕ ಬರೆದವಳು ನಾನೇ. ಯಾರು ಹೊಡೆದರು, ಯಾರು ಓಡಿದರು, ಯಾರ ಕೈಯಿಂದ ಚೆಂಡು ಜಾರಿತು, ಎಲ್ಲ ನನ್ನ ಬಳಿ ಇದೆ. ಚೆಂಡು ಬಿಟ್ಟ ಹುಡುಗನ ಅಮ್ಮ ಬಂದು ಎಷ್ಟೇ ಗೋಗರೆದರೂ ತಪ್ಪನ್ನು ತಪ್ಪು ಅಂತಲೇ ಬರೆದಿದ್ದೇನೆ, ಯಾರ ತಪ್ಪೋ ಅವರ ಹೆಸರಿಗೇ ಬರೆದಿದ್ದೇನೆ. ಊರಿನಲ್ಲಿ ನನಗೆ ಆ ಹೆಸರಿದೆ.

"ನಲವತ್ತು ಪುಟ ಸಾಕು ಮಿಲಾ ಆಂಟಿ," ಅಂದಳು ಟ್ರೇಸಿ. "ಫೋಟೋ ಜಾಸ್ತಿ ಹಾಕೋಣ. ಆಮೇಲೆ ಲ್ಯಾಡಿ ಅಂಕಲ್ ಮೈದಾನ ತಿರುಗಾ ಮುರುಗಾ ಹಾಕಿದ ಕಥೆ ಇರ್ಲೇಬೇಕು. ಜನ ಪುಸ್ತಕ ತೆಗೆದು ನೋಡೋದೇ ಅದಕ್ಕೆ."

ಒಳಗೆ ನನ್ನ ಗಂಡ ಲ್ಯಾಡಿ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿದ ಸದ್ದು ಕೇಳಿಸಿತು.

"ಬರೀರಿ, ಬರೀರಿ! ಆದ್ರೆ ಸರಿಯಾಗಿ ಬರೀರಿ. ನಾನು ಗೂಟ ಸರಿಯಾಗೇ ಹೊಡೆದಿದ್ದೆ. ಯಾರೋ ಕಿತ್ತು ಬೇರೆ ಕಡೆ ಹೊಡೆದ್ರು. ಹತ್ತೊಂಬತ್ತು ವರ್ಷ ನನಗೆ ಆಗ. ಪೂರ್ವ ಯಾವುದು ಪಶ್ಚಿಮ ಯಾವುದು ಗೊತ್ತಿರ್ಲಿಲ್ವಾ?"

ಟ್ರೇಸಿ ನನ್ನ ಕಡೆ ನೋಡಿ ಮುಗುಳ್ನಕ್ಕಳು. ನಾನೂ ನಕ್ಕೆ. ಆ ನಗು ನನಗೆ ಅಭ್ಯಾಸವಾಗಿ ನಲವತ್ತೊಂಬತ್ತು ವರ್ಷ ಆಯಿತು, ಅಂದರೆ ನಮ್ಮ ಮದುವೆಯಾದಷ್ಟೇ ವರ್ಷ.

ವಿಷಯ ಇಷ್ಟೇ. ಬೇಸ್‌ಬಾಲ್ ಮೈದಾನದಲ್ಲಿ ಬ್ಯಾಟು ಹಿಡಿದವನ ಬೆನ್ನು ಪಶ್ಚಿಮಕ್ಕಿರಬೇಕು. ಸಂಜೆ ಆಟ, ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯಬಾರದು. ಪೆನ್ಸಿಲ್ವೇನಿಯಾದ ಎಲ್ಲ ಊರುಗಳ ಮೈದಾನವೂ ಹಾಗೇ ಇದೆ, ನಮ್ಮದೊಂದನ್ನು ಬಿಟ್ಟು. ನಮ್ಮ ಮೈದಾನದಲ್ಲಿ ಹುಡುಗ ಬ್ಯಾಟು ಎತ್ತಿ ನಿಂತರೆ ಸೂರ್ಯ ಸೀದಾ ಅವನ ಮುಖಕ್ಕೆ. ಚೆಂಡು ಎಸೆಯುವ ಹುಡುಗ ಬೆಳಕಿನಲ್ಲಿ ಕರಗಿಹೋಗುತ್ತಾನೆ, ಚೆಂಡು ಕಾಣುವುದು ಮೂಗಿನ ಮುಂದೆ ಬಂದ ಮೇಲೆ.

ಐವತ್ತೆಂಟರಲ್ಲಿ ನಡೆದ ಮೊದಲ ಆಟದಲ್ಲೇ ಇದು ಗೊತ್ತಾಯಿತು. ಮೂರು ಹುಡುಗರು ಸಾಲಾಗಿ ಮೈಗೆ ಏಟು ತಿಂದರು. ಆಗ ಅಂಪೈರ್ ಆಗಿದ್ದ ಮುದಿ ಮರಿನೆಲ್ಲಿ, ಟ್ರೇಸಿಯ ಮುತ್ತಜ್ಜ, ಟೋಪಿಯನ್ನು ಕಣ್ಣಿಗೆ ಅಡ್ಡ ಹಿಡಿದು, "ಸೂರ್ಯ! ಸೂರ್ಯ ಹೋಗೋವರೆಗೆ ಆಟ ಇಲ್ಲ!" ಎಂದು ಕೂಗಿದ. ಕಲ್ಲಿದ್ದಲು ಗಣಿಯಿಂದ ತೆಗೆದು ಸುರಿದ ಕಸದ ಕಪ್ಪು ಗುಡ್ಡದ ಹಿಂದೆ ಸೂರ್ಯ ಜಾರಲು ಹದಿನೆಂಟು ನಿಮಿಷ ಹಿಡಿಯಿತು. ಆಟ ಮುಗಿದ ಮೇಲೆ ಕೊಡೋಣ ಎಂದು ಚರ್ಚಿನ ಹೆಂಗಸರು ಪಾತ್ರೆಗಟ್ಟಲೆ ಪಿರೋಗಿ ಬೇಯಿಸಿಟ್ಟಿದ್ದರು, ಆಲೂಗಡ್ಡೆ ತುಂಬಿದ ಕಡುಬು, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಮೇಲೆ ಸುರಿದದ್ದು. ಸುಮ್ಮನೆ ಕೂತ ಮಕ್ಕಳನ್ನು ನೋಡಲಾರದೆ ಆಗಲೇ ಬಡಿಸಿಬಿಟ್ಟರು. ಅಲ್ಲಿಂದ ಇವತ್ತಿನವರೆಗೆ, ಅಂಪೈರ್ "ಸೂರ್ಯ!" ಅಂದ ಕೂಡಲೇ ಎರಡೂ ತಂಡ ಬ್ಯಾಟು ಬಿಸಾಕಿ ಪಿರೋಗಿಗೆ ಓಡುತ್ತವೆ. ಆ ಹದಿನೆಂಟು ನಿಮಿಷದಲ್ಲಿ ಇಟಾಲಿಯನ್ನರ ಹುಡುಗರೂ ಸ್ಲೋವಾಕರ ಹುಡುಗರೂ ಒಂದೇ ಬೆಂಚಿನಲ್ಲಿ ತಿಂದರು, ಅವರ ಅಪ್ಪಂದಿರು ಹಳೆಯ ಜಗಳ ಮರೆತರು, ನಾಲ್ಕಾರು ಮದುವೆಗಳೂ ಕುದುರಿದವು. ನಮ್ಮದೂ ಅದರಲ್ಲೊಂದು.

ಪಕ್ಕದ ಊರಿನವರು ಮಾತ್ರ ಬಂದಾಗಲೆಲ್ಲ ಕೇಳುತ್ತಿದ್ದರು: "ಇದನ್ನ ಹಾಕಿದ ಬುದ್ಧಿವಂತ ಯಾರಪ್ಪಾ?" ಊರಿಗೆ ಊರೇ ಲ್ಯಾಡಿಯ ಕಡೆ ಬೆರಳು ತೋರಿಸುತ್ತಿತ್ತು.

ಲ್ಯಾಡಿ ಬರ್ತೋಶ್ ಆಗ ಗಣಿ ಕಂಪನಿಯ ಸರ್ವೇಯರ್ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಒಂದು ಶನಿವಾರ ಅಳತೆ ಟೇಪು ಹಿಡಿದು ಬಂದು, ಆಟದ ಚೌಕದ ಮೂಲೆಗೊಂದರಂತೆ ನಾಲ್ಕು ಗೂಟ ಹೊಡೆದು, ಬ್ಯಾಟಿನವನು ನಿಲ್ಲುವ ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿ, ಭಾನುವಾರ ಬೆಳಗಿನ ಜಾವದ ಬಸ್ಸಿಗೆ ಬೇರೆ ಗಣಿಯ ಕೆಲಸಕ್ಕೆ ಹೋದ. ಮೂರು ವಾರ ಬಿಟ್ಟು ಬರುವಷ್ಟರಲ್ಲಿ ಕಂಬ ನೆಟ್ಟು, ಜಾಲರಿ ಬಿಗಿದು, ಪಾದ್ರಿಗಳು ನೀರು ಚಿಮುಕಿಸಿ ಎಲ್ಲ ಮುಗಿದಿತ್ತು. ಎಲ್ಲವೂ ಉಲ್ಟಾ.

ನೆಟ್ಟವರು ಮೂವತ್ತು ಜನ ಗಂಡಸರು. ಒಬ್ಬನೂ ತಲೆ ಎತ್ತಿ ಸೂರ್ಯನನ್ನು ನೋಡಲಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಅವರಿಗೆ ಗಣಿ ಗೊತ್ತಿಲ್ಲ. ನೆಲದಡಿಯಲ್ಲಿ ಸೂರ್ಯ ಎಲ್ಲಿಂದ ಬರಬೇಕು? ಸರ್ವೇಯವನು ಹೊಡೆದ ಗುರುತೇ ಅಲ್ಲಿ ದಿಕ್ಕು. ಅದನ್ನು ಯಾರೂ ಮುಟ್ಟುವುದಿಲ್ಲ, ಯಾಕೆ ಅಂತ ಕೇಳುವುದೂ ಇಲ್ಲ. ಕೇಳದೆ ಅಗೆದದ್ದರಿಂದಲೇ ಅವರು ಸಂಜೆ ಮನೆಗೆ ಬರುತ್ತಿದ್ದರು. ನಮ್ಮಪ್ಪನೂ ಆ ಮೂವತ್ತರಲ್ಲಿ ಒಬ್ಬ. "ಗೂಟ ಇಲ್ಲಿದೆ ಅಂದ್ರೆ ಗುಂಡಿ ಇಲ್ಲೇ," ಅಂದನಂತೆ. ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ ಅಗೆದರು.

"ಯಾರೋ ಗೂಟ ಕಿತ್ತು ಬದಲಾಯ್ಸಿದ್ದಾರೆ," ಎಂಬ ಲ್ಯಾಡಿಯ ಮಾತನ್ನು ಯಾರೂ ನಂಬದಿರುವುದಕ್ಕೂ ಒಂದು ಕಾರಣವಿತ್ತು. ಉಲ್ಟಾ ಆದ ಮೈದಾನವನ್ನು ವಾಪಸ್ ಬಂದ ಮೇಲೆ ಅವನೇ ಟೇಪು ಹಿಡಿದು ಅಳೆದಿದ್ದ. ನಾಲ್ಕು ಬದಿಯೂ ಅರವತ್ತು ಅಡಿ, ಮೂಲೆಯಿಂದ ಮೂಲೆಗೆ ಎಂಬತ್ತನಾಲ್ಕು ಅಡಿ ಹತ್ತು ಅಂಗುಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನೋಡು ಲ್ಯಾಡಿ," ಎಂದು ಪಾಲಿ ಮರಿನೆಲ್ಲಿ ಪ್ರತಿ ವರ್ಷವೂ ರೇಗಿಸುತ್ತಿದ್ದ. ಪಾಲಿ ಟ್ರೇಸಿಯ ಅಪ್ಪ, ಈಗಿನ ಅಂಪೈರ್. "ಅಷ್ಟು ಕರಾರುವಾಕ್ಕಾಗಿ ಗೂಟ ಹೊಡೆಯೋನು ಈ ಊರಲ್ಲಿ ನಿನ್ನ ಬಿಟ್ರೆ ಇನ್ನೊಬ್ಬ ಯಾರಿದ್ದಾನೋ ಮಾರಾಯ? ದೆವ್ವ ಬಂದು ಸರ್ವೇ ಮಾಡ್ತಾ?"

ಲ್ಯಾಡಿ ಇನ್ನೊಮ್ಮೆ ಅಳೆದು ನೋಡುತ್ತಿದ್ದ. ಟೇಪು ಸುತ್ತಿಕೊಂಡು ಮನೆಗೆ ಬರುತ್ತಿದ್ದ. ನಾನು ಅವನ ತಟ್ಟೆಗೆ ಎರಡು ಪಿರೋಗಿ ಜಾಸ್ತಿ ಹಾಕುತ್ತಿದ್ದೆ. ನನ್ನ ಕೈಲಿ ಆಗುತ್ತಿದ್ದದ್ದು ಅಷ್ಟೇ.

ಯಾಕೆಂದರೆ ಆ ದೆವ್ವ ನಾನೇ.

ಈಗ ಹೇಳಿಬಿಡುತ್ತೇನೆ. ನನಗೆ ಹನ್ನೊಂದು, ನನ್ನ ತಮ್ಮ ಸಿರಿಲ್‌ಗೆ ಒಂಬತ್ತು. ಪೋಲಿಯೋ ಬಂದು ಅವನ ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ. ನಮ್ಮ ಮನೆ ಇರುವುದು ಮೈದಾನದ ಪೂರ್ವದ ದಿಣ್ಣೆಯ ಮೇಲೆ. ಅಡುಗೆಮನೆಯ ಕಿಟಕಿಯಿಂದ ಮೈದಾನವೆಲ್ಲ ಕಾಣುತ್ತದೆ. ಲೀಗು ಬರುತ್ತದೆ ಎಂದು ತಿಳಿದ ದಿನದಿಂದ ಸಿರಿಲ್ ಆ ಕಿಟಕಿ ಬಿಟ್ಟು ಏಳಲಿಲ್ಲ. ಆ ಶನಿವಾರ ಲ್ಯಾಡಿ ಕೆಂಪು ಬಟ್ಟೆಯ ಗೂಟವನ್ನು ಪಶ್ಚಿಮದ ತುದಿಯಲ್ಲಿ, ರೈಲು ಹಳಿಯ ಹತ್ತಿರ ಹೊಡೆದ. ಆಟವೆಲ್ಲ ಅಲ್ಲಿ ನಡೆಯುತ್ತದೆ. ನಮ್ಮ ಕಡೆಗೆ ಬರುವುದು ದೂರ ನಿಂತು ಚೆಂಡು ಕಾಯುವ ಮೂವರು, ಅವರೂ ನಮಗೆ ಬೆನ್ನು ಹಾಕಿ.

"ಮಿಲಾ," ಅಂದ ಸಿರಿಲ್, "ನಂಗೆ ಬರೀ ಬೆನ್ನೇ ಕಾಣೋದು ಕಣೇ."

ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಜೊತೆಗೆ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ. ಹುಡುಗಿಯರಿಗೆ ಲೀಗಿನಲ್ಲಿ ಜಾಗವಿಲ್ಲ, ಗೆರೆಯ ಒಳಗೆ ಕಾಲಿಡಬಾರದು ಎಂದು ಬೋರ್ಡು ಬರೆದು ಹಾಕಿದ್ದರು. ನಮ್ಮ ಬೀದಿಯ ಯಾವ ಹುಡುಗನಿಗಿಂತಲೂ ನಾನು ಚೆನ್ನಾಗಿ ಎಸೆಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿ. ತಮ್ಮನನ್ನು ನೋಡಿಕೊಳ್ಳಲೆಂದು ನನ್ನನ್ನು ಮನೆಯಲ್ಲಿ ಬಿಟ್ಟಿದ್ದರು. ಅಮ್ಮನ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ದಿಣ್ಣೆ ಇಳಿದೆ. ಹಿಂದಿನ ದಿನವೆಲ್ಲ ಬೇಲಿಗೆ ಅಂಟಿಕೊಂಡು ಲ್ಯಾಡಿ ಏನೇನು ಮಾಡುತ್ತಾನೆ ಅಂತ ನೋಡಿದ್ದೆ. ಅವನ ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು ಹಿಡಿದು ಗಂಟು ಹಾಕಿದೆ: ಬದಿಗೊಂದು, ಮೂಲೆಯಿಂದ ಮೂಲೆಗೆ ಒಂದು. ಆಮೇಲೆ ನಾಲ್ಕನ್ನೂ ಕಿತ್ತು ಪೂರ್ವದ ತುದಿಗೆ, ನಮ್ಮ ಕಿಟಕಿಯ ಕೆಳಗೆ ಹೊತ್ತು ತಂದೆ. ನೆಲದ ಮೇಲೆ ನಿಂತವಳಿಗೆ ಓರೆಯೋ ನೇರವೋ ತಿಳಿಯುವುದಿಲ್ಲ. ಮೇಲಿನಿಂದ ನೋಡುವವನಿಗೆ ತಿಳಿಯುತ್ತದೆ. ಸಿರಿಲ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಎಡಕ್ಕೆ! ಇನ್ನೂ ಸ್ವಲ್ಪ ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲ, ನನ್ನ ಎಡ! ಹಾಂ, ಅಲ್ಲೇ. ಅಲ್ಲಾಡಿಸ್ಬೇಡ!"

ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಹಗ್ಗ ಮತ್ತೆ ಹಿತ್ತಲಲ್ಲಿತ್ತು, ಗಂಟು ಬಿಚ್ಚಿ. ಸೂರ್ಯನ ವಿಚಾರ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ, ದೇವರಾಣೆ.

ಸಿರಿಲ್‌ಗೆ ಊರಿನಲ್ಲೇ ಒಳ್ಳೆಯ ಜಾಗ ಸಿಕ್ಕಿತು, ಬ್ಯಾಟಿನವನ ಬೆನ್ನ ಹಿಂದೆಯೇ. ಮೊದಲ ಆಟದಲ್ಲೇ ತಗಡಿನ ಕೊಳವೆ ಬಾಯಿಗಿಟ್ಟು ಸ್ಕೋರ್ ಕೂಗತೊಡಗಿದ. ಯಾರೂ ಬೇಡ ಅನ್ನಲಿಲ್ಲ. ಆಮೇಲೆ ಮೈಕು ಬಂತು, ಮೈದಾನದ ಕಂಬಕ್ಕೆ ಸ್ಪೀಕರ್ ಬಂತು. ಐವತ್ತನಾಲ್ಕು ವರ್ಷ ನಮ್ಮ ಲೀಗಿನ ದನಿ ಅಂದರೆ ನಮ್ಮ ಅಡುಗೆಮನೆಯ ಕಿಟಕಿಯೇ. ಮಧ್ಯೆ ನಮ್ಮಮ್ಮನ ಪಾತ್ರೆ ಸದ್ದೂ ಊರಿಗೆಲ್ಲ ಕೇಳುತ್ತಿತ್ತು. ಲ್ಯಾಡಿ ನನ್ನನ್ನು ಮದುವೆಯಾಗಿ ಇದೇ ಮನೆಗೆ ಬಂದ ಮೇಲೆ ಅವನಿಗೂ ಸಿರಿಲ್‌ಗೂ ಎಣೆಯಿಲ್ಲದ ಸ್ನೇಹ. ಆದರೂ ಮೈಕು ಕೈಗೆ ಬಂದರೆ ಭಾವನೆಂಬ ದಾಕ್ಷಿಣ್ಯ ಇರಲಿಲ್ಲ. "ಸೂರ್ಯ ಬಂದ್ರು. ಆಹ್ವಾನ ಕೊಟ್ಟೋರು ನಮ್ಮ ಲ್ಯಾಡಿ ಭಾವ!" ಅನ್ನುತ್ತಿದ್ದ. ನಾನು ಕಣ್ಣು ಬಿಟ್ಟರೆ ಮೈಕಿಗೆ ಕೈ ಅಡ್ಡ ಹಿಡಿದು, "ಹೇಳಿಬಿಡ್ಲಾ? ಹೇಳಬಾರ್ದು ಅಂದ್ರೆ ಇನ್ನೂ ನಾಲ್ಕು ಪಿರೋಗಿ ಹಾಕು," ಅಂತ ಹಲ್ಲು ಕಿರಿಯುತ್ತಿದ್ದ. ಹೇಳಲಿಲ್ಲ. ಆರು ವರ್ಷದ ಹಿಂದೆ ಗುಟ್ಟನ್ನು ತನ್ನ ಜೊತೆಗೇ ಕೊಂಡೊಯ್ದ. ಆ ಮೇಲೆ ಮೈಕಿನ ಮುಂದೆ ಯಾರೂ ಕೂತಿಲ್ಲ. ಲ್ಯಾಡಿ ಮಾತ್ರ ಪ್ರತಿ ವರ್ಷ ಮೊದಲ ಆಟದ ದಿನ ಅದರ ಧೂಳು ಒರೆಸಿ ಮತ್ತೆ ಬಟ್ಟೆ ಮುಚ್ಚಿಡುತ್ತಾನೆ.

ನಾನು ಯಾಕೆ ಹೇಳಲಿಲ್ಲ? ಹನ್ನೊಂದರಲ್ಲಿ ಅಪ್ಪನ ಬೆಲ್ಟಿನ ಭಯ. ಇಪ್ಪತ್ತೆರಡರಲ್ಲಿ, ಹೇಳಿದರೆ ಇವನು ಮದುವೆಯಾಗದೆ ಹೋದರೆ ಎಂಬ ಭಯ. ಮೂವತ್ತರ ಹೊತ್ತಿಗೆ ಅದು ಹೇಳುವ ಮಾತೇ ಅಲ್ಲ ಅನ್ನಿಸಿತ್ತು. ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಕೇಳಿದರೆ ಏನು ಹೇಳುವುದು? ಮುಚ್ಚಿಟ್ಟದ್ದು ಗೂಟ ಕಿತ್ತದ್ದಕ್ಕಿಂತ ದೊಡ್ಡ ತಪ್ಪಾಗಿಬಿಟ್ಟಿತ್ತು.

ಈ ವರ್ಷ ಇನ್ನೊಂದು ಸೇರಿಕೊಂಡಿತು. ಆಟದ ಕಾಲ ಮುಗಿದ ಕೂಡಲೇ ಮೈದಾನವನ್ನು ಸರಿಯಾದ ದಿಕ್ಕಿಗೆ ತಿರುಗಿಸುವುದೆಂದು ಸಮಿತಿ ನಿಶ್ಚಯಿಸಿತ್ತು. ಅರವತ್ತನೇ ವರ್ಷದ ಮೊದಲ ಆಟದ ದಿನ, ಸೂರ್ಯನ ಬಿಡುವಿನಲ್ಲಿ ನಾನು ಚರಿತ್ರೆಯ ಪುಸ್ತಕ ಓದಬೇಕು, ಲ್ಯಾಡಿ ಹೊಸ ಮೈದಾನದ ಮೊದಲ ಗೂಟ ಹೊಡೆಯಬೇಕು. "ತಾತನೇ ಕೆಡಿಸಿದ್ದು, ತಾತನೇ ಸರಿ ಮಾಡ್ಲಿ," ಅಂತ ಮಕ್ಕಳೂ ಕುಣಿದವು. ಅರವತ್ತು ವರ್ಷ ಮೈದಾನ ತಿರುಗಿಸಿ ಎಂದು ಗಂಟಲು ಹರಿದುಕೊಂಡವನು ಲ್ಯಾಡಿಯೇ. ಖುಷಿ ಪಡುತ್ತಾನೆ ಅಂದುಕೊಂಡಿದ್ದೆ.

ಹದಿನೈದು ದಿನ ಮುಂಚೆ, ಬೆಳಗಿನ ಕಾಫಿ ಹೊತ್ತಿಗೆ, ನಾನು ಕಾಗದ ಹರಡಿಕೊಂಡು ಕೂತಿದ್ದೆ. ಮೂರನೇ ಪುಟ ಖಾಲಿ. ಅವನು ಎದುರು ಬಂದು ಕೂತ.

"ಮಿಲಾ, ಪಾಲಿ ಹೇಳಿದ್ದೇ ಬರೆದುಬಿಡು."

"ಏನು?"

"ನಾನೇ ತಪ್ಪು ಮಾಡಿದ್ದು ಅಂತ. ಆ ಅಳತೆ ಅಷ್ಟು ಚೆನ್ನಾಗಿದೆ, ನಾನಲ್ದೆ ಇನ್ಯಾರು ಇಡೋಕೆ ಸಾಧ್ಯ?" ಅವನು ಲೋಟದೊಳಗೆ ನೋಡುತ್ತಿದ್ದ. "ಹಳಿ ಹತ್ರ ಗೂಟ ಹೊಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಕೆಂಪು ಬಟ್ಟೆ ಕಟ್ಟಿದ್ದೂ ನೆನಪಿದೆ. ಆದ್ರೆ ಮೊನ್ನೆ ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕಿದೆ. ನನ್ನ ನೆನಪು ಯಾವ ಮಹಾ? ಅರವತ್ತು ವರ್ಷ ಸುಮ್ನೆ ಹಟ ಮಾಡಿದೆ ಅನ್ಸುತ್ತೆ."

ನಾನು ಆಗಲೇ ಹೇಳಬೇಕಿತ್ತು. ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ. ಇಡೀ ಊರು ನಕ್ಕಾಗ ಬಗ್ಗದವನು ಈಗ ತನ್ನನ್ನೇ ನಂಬುತ್ತಿಲ್ಲ. ಅದನ್ನು ಮಾಡಿದವಳು ನಾನು.  ಅವನು ಎದ್ದು ಹೋದ ಮೇಲೆ ಪೆನ್ಸಿಲ್ ತೆಗೆದುಕೊಂಡು ಮೂರನೇ ಪುಟವನ್ನು ಒಂದೇ ಉಸಿರಿಗೆ ಬರೆದೆ.

ಮೇ ಮೊದಲ ಶನಿವಾರ. ಸಂಜೆ ಏಳು ದಾಟಿದ ಮೇಲೆ ಪಾಲಿ ಟೋಪಿ ಅಡ್ಡ ಹಿಡಿದು "ಸೂರ್ಯ!" ಎಂದು ಕೂಗಿದ. ಮಕ್ಕಳು ಓಡಿದವು. ತಟ್ಟೆಗಳು ಬಂದವು. ಟ್ರೇಸಿ ನನ್ನ ಕೈಗೆ ಸಣ್ಣ ಮೈಕು ಕೊಟ್ಟಳು. ಲ್ಯಾಡಿ ಸುತ್ತಿಗೆ, ಗೂಟ ಹಿಡಿದು ಪಕ್ಕದಲ್ಲಿ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾನು ಮೊದಲ ಎರಡು ಪುಟ ಓದಿದೆ. ಆಮೇಲೆ ಮೂರನೆಯದನ್ನು ತೆಗೆದೆ.

"ಈ ಮೈದಾನದ ಗೂಟಗಳನ್ನು ಲ್ಯಾಡಿ ಬರ್ತೋಶ್ ಸರಿಯಾದ ದಿಕ್ಕಿನಲ್ಲೇ ಹೊಡೆದಿದ್ದರು," ಎಂದು ಓದಿದೆ. ಯಾರೋ ನಕ್ಕರು. "ಮರುದಿನ ಅವನ್ನು ಕಿತ್ತು ಇಲ್ಲಿ ಹೊಡೆದವಳು ಅವರ ಹೆಂಡತಿ. ಆಗ ಅವಳಿಗೆ ಹನ್ನೊಂದು ವರ್ಷ. ತಪ್ಪು ಅವಳ ಹೆಸರಿಗೆ."

ಉಳಿದದ್ದನ್ನೂ ಓದಿದೆ: ಕಿಟಕಿ, ಬೆನ್ನುಗಳು, ಹಗ್ಗ, ಸಿರಿಲ್ ಮೇಲಿನಿಂದ ಕೂಗಿದ್ದು. ಯಾರೂ ಅಗಿಯುತ್ತಿರಲಿಲ್ಲ. ಪಾಲಿ ಬಾಯಿಗೆ ಹಾಕಿಕೊಂಡ ಪಿರೋಗಿಯನ್ನು ಹಾಗೇ ಕೆನ್ನೆಯಲ್ಲಿಟ್ಟುಕೊಂಡು ನಿಂತಿದ್ದ.

ಲ್ಯಾಡಿ ನನ್ನ ಮುಖ ನೋಡಿದ. ಅಷ್ಟು ಸಿಟ್ಟು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ.

"ಅರವತ್ತು ವರ್ಷ!" ಅಂದ. "ಅದ್ರಲ್ಲಿ ನಲವತ್ತೊಂಬತ್ತು ಒಂದೇ ಮನೇಲಿ! ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೇ ನಾನು!"

"ಗೊತ್ತು," ಅಂದೆ. "ತಪ್ಪಾಯ್ತು. ಅದಕ್ಕೇ ಓದ್ದೆ."

ಅವನು ಆ ಕಡೆ ತಿರುಗಿದ. ಸೂರ್ಯ ಕಪ್ಪು ಗುಡ್ಡದ ನೆತ್ತಿ ಮುಟ್ಟಿದ್ದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನಡೆದು ಮನೆಗೆ ಹೋಗಿಬಿಡುತ್ತಾನೆ ಅಂದುಕೊಂಡೆ. ಆಮೇಲೆ ಸುಮ್ಮನೆ ಕೇಳಿದ:

"ಹಗ್ಗದಲ್ಲಾ?"

"ಹಾಂ. ಅಮ್ಮನ ಬಟ್ಟೆ ಹಗ್ಗ."

"ಮೂಲೆಯಿಂದ ಮೂಲೆಗೂ ಅಳೆದ್ಯಾ? ಅದು ನಿನಗೆ ಯಾರು ಹೇಳಿಕೊಟ್ರು?"

"ನೀನೇ. ಬೇಲಿ ಆಚೆ ನಿಂತು ನೋಡಿದ್ದೆ."

ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಅಂದುಕೊಂಡೆ. ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಹೌದು, ಆದರೆ ಅವನು ನಗುತ್ತಿದ್ದ.

"ಕೇಳಿಸ್ತೇನೋ ಪಾಲಿ? ನನ್ನ ಬಿಟ್ರೆ ಯಾರಿದ್ದಾರೆ ಅಂತಿದ್ಯಲ್ಲ! ಹನ್ನೊಂದು ವರ್ಷದ ಹುಡುಗಿ, ಬಟ್ಟೆ ಹಗ್ಗ, ಕೂದಲೆಳೆ ವ್ಯತ್ಯಾಸ ಇಲ್ಲ! ಗೆರೆ ಒಳಗೆ ಕಾಲಿಡಬೇಡ ಅಂತ ಇವಳಿಗೆ ನಿಮ್ಮಜ್ಜ ಬೋರ್ಡು ಹಾಕಿದ್ದ. ಗೆರೆ ಹಾಕಿದ್ದೇ ಇವಳು!"

ಆಮೇಲೆ ಊರು ನಕ್ಕ ನಗು ರೈಲು ಹಳಿಯ ಆಚೆಗೂ ಕೇಳಿರಬೇಕು. ಪಾಲಿ ಮುಂದೆ ಬಂದು ಟೋಪಿ ತೆಗೆದು, "ಲ್ಯಾಡಿ, ಅರವತ್ತು ವರ್ಷದ್ದು ಒಟ್ಟಿಗೆ ಕ್ಷಮಿಸಿಬಿಡು ಮಾರಾಯ," ಅಂದ.  ಲ್ಯಾಡಿ ಸುತ್ತಿಗೆ, ಗೂಟ ಎರಡನ್ನೂ ನನ್ನ ಕೈಯಲ್ಲಿಟ್ಟ.

"ನೀನೇ ಹೊಡಿ. ಇಲ್ಲೇ ನಿಂತಿರು."

ದಿಣ್ಣೆ ಹತ್ತತೊಡಗಿದ. ಎಪ್ಪತ್ತೊಂಬತ್ತರ ಮಂಡಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಸೂರ್ಯ ಹೋಗಿ ಐದು ನಿಮಿಷವಾಯಿತು. ಪಾಲಿ ಗಡಿಯಾರ ನೋಡಿದ, ಆದರೆ ಆಟ ಶುರು ಅನ್ನಲಿಲ್ಲ. ಕೊನೆಗೆ ಕಂಬದ ಮೇಲಿನ ಹಳೆಯ ಸ್ಪೀಕರ್ ಕರ್ ಕರ್ ಅಂದಿತು. ಆರು ವರ್ಷದಿಂದ ಸುಮ್ಮನಿದ್ದ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಅವನ ಬಿಳಿ ತಲೆ ಕಾಣಿಸಿತು.

"ಮಿಲಾ, ಕೇಳಿಸ್ತಿದ್ಯಾ?"

ನಾನು ಸುತ್ತಿಗೆ ಎತ್ತಿ ತೋರಿಸಿ, ಹೊಸ ನಕ್ಷೆಯ ಪ್ರಕಾರ ಹಳಿಯ ಕಡೆಗೆ ನಡೆದೆ. ಅರ್ಧ ಮೈದಾನ ದಾಟಿರಲಿಲ್ಲ, ಸ್ಪೀಕರ್ ಗುಡುಗಿತು.

"ಎಲ್ಲಿಗೆ ಹೊರಟೆ? ವಾಪಸ್ ಬಾ. ಇನ್ನೂ ಬಾ. ಎಡಕ್ಕೆ. ನಿನ್ನ ಎಡ ಅಲ್ಲ ಕಣೇ, ನನ್ನ ಎಡ!"

ಸಿರಿಲ್ ಕೂಗಿದ್ದೂ ಹೀಗೇ. ನಾನು ಅದನ್ನು ಈಗಷ್ಟೇ ಓದಿದ್ದೆ, ಅವನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. ಕಣ್ಣು ಮಂಜಾಗಿ ನೆಲವೇ ಸರಿಯಾಗಿ ಕಾಣಲಿಲ್ಲ. ಹಿಂದೆ ಹಿಂದೆ ಬಂದೆ, ಎಡಕ್ಕೆ ಸರಿದೆ, ಕಾಲಿಗೆ ಗಟ್ಟಿಯಾಗಿ ಏನೋ ತಾಗಿತು. ಬಗ್ಗಿ ನೋಡಿದರೆ ಬ್ಯಾಟಿನವನು ನಿಲ್ಲುವ ಬಿಳಿ ಹಲಗೆ, ಅರವತ್ತು ವರ್ಷದಿಂದ ಇದ್ದ ಜಾಗದಲ್ಲೇ.

"ಹಾಂ, ಅಲ್ಲೇ," ಅಂದ ಲ್ಯಾಡಿ. "ಅಲ್ಲೇ ಹೊಡಿ. ಇನ್ಮೇಲೆ ಯಾರೂ ಅದನ್ನ ಅಲ್ಲಾಡಿಸ್ಬೇಡಿ."